ಪರೀಕ್ಷೆಗೆ ಹೋದ ಹುಲ್ಲು

ಮೂರನೆಯ ಮೊಳೆಯೂ ನಿಲ್ಲಲಿಲ್ಲ. ಲಾಳ ಹೊಡೆಯುವವನು ಕುದುರೆ ಬೆಡಗಿಯ ಕಾಲನ್ನು ಮೆಲ್ಲನೆ ಕೆಳಗಿಳಿಸಿ, ಉದುರಿದ ಗೊರಸಿನ ಚೂರುಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದ.

"ಹೀಗೇ ಒಡೀತಾ ಹೋದ್ರೆ ಕುದುರೆ ಕುಂಟಾಗುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ," ಎಂದು ಸಾಮಾನು ಕಟ್ಟಿಕೊಂಡು ಹೊರಟ.

ಅತ್ತೆಯ ಮುಖ ಸಪ್ಪಗಾಯಿತು. ಬೆಡಗಿ ಹುಟ್ಟಿದಾಗಿನಿಂದ ಅವರ ಕೈಯಲ್ಲೇ ಬೆಳೆದವಳು. ಮಗನನ್ನು ಊಟಕ್ಕೆ ಕರೆಯಲು ಅವರು ಮರೆತದ್ದುಂಟು, ಇವಳನ್ನು ಮರೆತದ್ದಿಲ್ಲ. ಅವರ ಜೇಬಿನಲ್ಲಿ ದಿನವೂ ಎರಡು ಸಕ್ಕರೆ ಬಿಲ್ಲೆ ಇರುತ್ತಿದ್ದವು, ಒಂದು ಬೆಡಗಿಗೆ, ಒಂದು ತಮಗೆ.

ಪಶುವೈದ್ಯೆಯಾದ ಸೊಸೆಗೆ ತಲೆಬುಡ ತಿಳಿಯಲಿಲ್ಲ. ಈ ವರ್ಷದ ಹುಲ್ಲು ಬಂದ ಹೊಸದರಲ್ಲೇ ಅದನ್ನು ಲ್ಯಾಬಿಗೆ ಕಳಿಸಿದ್ದಳು. ಗೊರಸು ಗಟ್ಟಿಯಾಗಲು ಬೇಕಾದ ತಾಮ್ರ, ಸತು ಎಲ್ಲ ಸಾಕಷ್ಟಿದೆ ಎಂದು ವರದಿ ಬಂದಿತ್ತು. ಅದನ್ನು ನಂಬಿ, ಮೊದಲಿನಿಂದ ಕೊಡುತ್ತಿದ್ದ ಖನಿಜದ ಪುಡಿಯನ್ನೂ ನಿಲ್ಲಿಸಿದ್ದಳು.

"ಅತ್ತೆ, ಲ್ಯಾಬಿಗೆ ಹುಲ್ಲು ತುಂಬಿಸಿ ಕೊಟ್ಟಿದ್ದು ನೀವಲ್ವಾ? ಯಾವ ಕಟ್ಟಿಂದ ತೆಗೆದ್ರಿ?"

"ಯಾವ ಕಟ್ಟು ಅಂದ್ರೆ? ಎಲ್ಲಾ ಕಟ್ಟೂ ಬಿಚ್ಚಿದೆ ಕಣೆ. ಅರ್ಧ ದಿನ ಕೂತು ಆರಿಸಿದೆ."

"ಆರಿಸಿದ್ರಾ?"

"ಮತ್ತೆ? ಕಡ್ಡಿ, ಧೂಳು ಎಲ್ಲ ತೆಗೆದು, ಹಸಿರಾಗಿರೋ ಎಲೆ ಮಾತ್ರ ತುಂಬಿದೆ. ಪರೀಕ್ಷೆಗೆ ಹೋಗೋದನ್ನ ಹೇಗಿದೆಯೋ ಹಾಗೇ ಕಳಿಸೋಕಾಗುತ್ತಾ? ಯಾರಾದ್ರೂ ಮನೆಗೆ ಬರ್ತಾರೆ ಅಂದ್ರೆ ಕಸ ಗುಡಿಸಲ್ವಾ?"

ಸೊಸೆಗೆ ಸಿಟ್ಟೂ ಬಂತು, ನಗುವೂ ಬಂತು. ನಗುವೇ ಗೆದ್ದಿತು. "ಚೆನ್ನಾಗಾಯ್ತು. ಸತ್ವ ಹೆಚ್ಚಿರೋದೇ ಎಲೇಲಿ. ಲ್ಯಾಬಿನವರಿಗೆ ಎಲೆ ಕೊಟ್ಟು, ಇವಳಿಗೆ ಕಡ್ಡಿ ತಿನ್ನಿಸಿದ್ದೀವಿ."

ಅತ್ತೆಗೆ ವಿಷಯ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಬೆಡಗಿಯ ಕುತ್ತಿಗೆಗೆ ಹಣೆ ಆನಿಸಿದರು. "ನಿನ್ನ ಹೊಟ್ಟೆ ಮೇಲೆ ನಾನೇ ಹೊಡೆದೆನಲ್ಲೇ," ಎಂದರು.

ಸೊಸೆ ಉದ್ದನೆಯ ಕೊಳವೆ ತಂದು ಒಂದೊಂದೇ ಕಟ್ಟಿನ ಒಡಲಿಗೆ ಚುಚ್ಚಿ, ಬಂದದ್ದನ್ನು ಬಂದ ಹಾಗೇ ಚೀಲಕ್ಕೆ ತುಂಬಿದಳು. "ಬೇಜಾರು ಮಾಡ್ಕೋಬೇಡಿ. ಯಾವುದು ಎಷ್ಟು ಕಡಿಮೆ ಅಂತ ಗೊತ್ತಾದ್ರೆ ಅಷ್ಟನ್ನ ಅಳೆದು ಕೊಡೋಣ. ನಿಧಾನವಾಗಿ ಗಟ್ಟಿ ಗೊರಸು ಬರುತ್ತೆ."

ಚೀಲದಲ್ಲಿ ಕಂಡ ಒಂದು ಕಪ್ಪು ಕಡ್ಡಿಯ ಕಡೆಗೆ ಅತ್ತೆಯ ಕೈ ತಾನಾಗಿಯೇ ಹೋಯಿತು. ಸೊಸೆ ನೋಡಿದಳು. ಕೈ ಹಿಂದಕ್ಕೆ ಬಂತು.

ಚೀಲದ ಬಾಯಿ ಕಟ್ಟುತ್ತಿದ್ದ ಸೊಸೆ ಅರ್ಧಕ್ಕೇ ನಿಂತಳು.

"ಅತ್ತೆ, ನಿಮಗೆ ಸಕ್ಕರೆ ಕಾಯಿಲೆ. ಆದ್ರೂ ಪ್ರತಿ ಸಲ ರಕ್ತ ಪರೀಕ್ಷೇಲಿ ಎಲ್ಲಾ ಚೆನ್ನಾಗೇ ಬರುತ್ತಲ್ಲ, ಅದು ಹೇಗೆ?"

ಅತ್ತೆ ಬೆಡಗಿಯ ಮರೆಗೆ ಸರಿದು, ಬಾಚಿದ್ದ ಅವಳ ಕುತ್ತಿಗೆಯ ಕೂದಲನ್ನೇ ಮತ್ತೆ ಬಾಚತೊಡಗಿದರು.

"ಆ ವಾರ ಮಾತ್ರ," ಎಂದಿತು ಕುದುರೆಯ ಆಚೆಯಿಂದ ಅವರ ದನಿ, "ಎರಡು ಬಿಲ್ಲೇನೂ ಇವಳಿಗೇ ಕೊಡ್ತೀನಿ."