ಗುಡ್ಡಮ್ಮ ಹೇಳಿದ ಹೆಸರು

"ಊರಿನ ಗಿಡಗಳನ್ನೆಲ್ಲ ನಾವೇ ಬರೆದಿಡ್ತಿದ್ದೀವಜ್ಜಿ. ಇದೊಂದರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ನಾಳೆ ಚರಂಡಿಗೆ ಇಲ್ಲೆಲ್ಲ ಅಗೀತಾರೆ. ನೀವು ಬಾಯಿಬಿಡದಿದ್ರೆ ಗಿಡವೇ ಬಂದು ಹೇಳುತ್ತಾ?" ಸೊರಬದ ಬಸ್‌ಸ್ಟ್ಯಾಂಡ್ ಹಿಂದಿನ ಗೋಡೆಬುಡದ ಗಿಡಕ್ಕೆ ಮೊಬೈಲ್ ಹಿಡಿದು, ಕಾಲೇಜು ಹುಡುಗಿ ಸಂಗೀತ ಗುಡ್ಡಮ್ಮನನ್ನು ಕೇಳಿದಳು.

ಗುಡ್ಡಮ್ಮ ನಲವತ್ತು ವರ್ಷ ಕಾಮಾಲೆಗೆ ಇದೇ ಸೊಪ್ಪನ್ನು ಅರೆದು ಕೊಟ್ಟವಳು. ಹೆಸರು ಹೇಳಿದರೆ ಕೈಗುಣ ಹೋಗುತ್ತದೆಂದು ಅವ್ವ ದೇವರ ಮುಂದೆ ಆಣೆ ಹಾಕಿಸಿದ್ದಳು. ಆದರೆ ಈ ಗಿಡ ಬೇರೆಲ್ಲೂ ಉಳಿದಿರಲಿಲ್ಲ.

"ನಿಮ್ ಪಟ್ಟೀಲಾದ್ರೂ ಇರ್ಲಿ ಬಿಡು, ಮಗಾ." ಎಲೆ ಮುಟ್ಟಿ ಕಣ್ಣಿಗೊತ್ತಿಕೊಂಡು ಗುಡ್ಡಮ್ಮ ಹೆಸರು ಹೇಳಿದಳು. ಸಂಗೀತ ಬರೆದುಕೊಂಡಳು.

ಮನೆಗೆ ಬಂದರೆ, ಕಣ್ಣು ಹಳದಿಯಾದ ಮಗುವನ್ನೆತ್ತಿಕೊಂಡು ಚೌಡಪ್ಪ ಜಗಲಿಯಲ್ಲಿ ಕೂತಿದ್ದ. "ನಿಮ್ಮನ್ನೇ ನಂಬ್ಕೊಂಡು ಬಂದೀನಿ, ಅಮ್ಮಾ."

"ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಪ್ಪಾ," ಎಂದ ಗುಡ್ಡಮ್ಮ, ಸೊಪ್ಪು ಅರೆಯುವ ಕಲ್ಲನ್ನು ಬೋರಲು ಹಾಕಿದಳು.