ಏಳುವ ಸದ್ದು

"ಏಟು ಬೀಳ್ತಾ ಇದೆ ಅಕ್ಕ. ಆದ್ರೆ ನಂಗೆ ಎಲ್ಲೂ ನೋವಾಗ್ತಿಲ್ಲ," ಎಂದು ಸ್ಟುಡಿಯೋದ ಗಾಜಿನ ಆಚೆಯಿಂದ ನಿರ್ದೇಶಕ ಹೇಳಿದ. ಬೆಳಿಗ್ಗೆಯಿಂದ ಇದೇ ರಾಗ.

ಸದ್ದಕ್ಕ ತನ್ನ ಮುಂದಿದ್ದ ಎಲೆಕೋಸನ್ನು ನೋಡಿದಳು. ಪಾಪ, ಅದು ತನ್ನ ಕೈಲಾದದ್ದನ್ನೆಲ್ಲ ಮಾಡಿತ್ತು. ಇಪ್ಪತ್ತಾರು ವರ್ಷಗಳಿಂದ ಅವಳ ಕಸುಬೇ ಇದು. ಅನಿಮೆ ಎಂಬ ಜಪಾನಿ ಮಾದರಿಯ ಕಾರ್ಟೂನಿನಲ್ಲಿ ಬರೆದ ಗೊಂಬೆಗಳು ತೆರೆಯ ಮೇಲೆ ಹೊಡೆದಾಡುತ್ತಿದ್ದರೆ ಇವಳು ಮೈಕಿನ ಮುಂದೆ ಕೂತು ಅದಕ್ಕೆ ಸರಿಯಾಗಿ ಸದ್ದು ಹುಟ್ಟಿಸಬೇಕು. ದವಡೆಗೆ ಎಲೆಕೋಸು, ಮೂಳೆಗೆ ಕ್ಯಾರೆಟ್ಟು, ಹೊಟ್ಟೆಗೆ ಒದ್ದೆ ಟವೆಲ್ಲು. ಒಡೆದ ಕೋಸು ಸಂಜೆ ಚೀಲ ಸೇರಿ ಮನೆಗೆ ಹೋಗುತ್ತದೆ. "ಇವತ್ತು ಯಾರ ದವಡೆ ಅತ್ತೆ?" ಎಂದು ಕೇಳಿಕೊಂಡೇ ಸೊಸೆ ಅದನ್ನು ಹೆಚ್ಚಲು ಶುರುಮಾಡುತ್ತಾಳೆ.

ಇವತ್ತು ಸಂಜೆ ಸೊಸೆಗೆ ಏನು ಹೇಳುವುದೋ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಸಾವಿರಾರು ಗುದ್ದುಗಳು ಸಿದ್ಧವಾಗಿ ಕೂತಿರುವಾಗ ಈಯಮ್ಮ ಯಾಕೆ ಬೇಕು ಎಂದು ಸ್ಟುಡಿಯೋದ ಮಾಲೀಕ ಕೇಳಿದ್ದ. ನಿರ್ದೇಶಕನೇ ಅಂಗಲಾಚಿ ಈ ಒಂದು ಕಾದಾಟಕ್ಕೆ ಅವಕಾಶ ಗಿಟ್ಟಿಸಿದ್ದ. ಮಾಲೀಕ ಐದು ಗಂಟೆಗೆ ಬಂದು ಕೇಳುತ್ತಾನೆ. ಅವನು ತಲೆಯಾಡಿಸಿದರೆ ಉಳಿದ ಹನ್ನೆರಡು ಕಂತುಗಳೂ ಇವಳಿಗೆ. ಇಲ್ಲದಿದ್ದರೆ ನಾಳೆಯಿಂದ ಮನೆ. ಗಡಿಯಾರ ನಾಲ್ಕು ದಾಟಿತ್ತು.

"ಇನ್ನೂ ಜೋರಾಗಿ ಹೊಡೀಲೇನಪ್ಪ?"

"ಜೋರು ಸಾಕು ಅಕ್ಕ. ಏನು ಕಮ್ಮಿ ಅಂತ ನಂಗೇ ಹೊಳೀತಿಲ್ಲ."

ತೆರೆಯ ಮೇಲೆ ಆ ತುಣುಕು ತನ್ನಷ್ಟಕ್ಕೆ ಮತ್ತೆ ಮತ್ತೆ ಓಡುತ್ತಲೇ ಇತ್ತು. ಕಬ್ಬಿಣದ ಕವಚ ತೊಟ್ಟ ದೈತ್ಯ. ಅವನೆದುರು ಕೋಲು ಹಿಡಿದ ಸಣಕಲು ಹುಡುಗಿ. ಮೂರು ಸಲ ನೆಲಕ್ಕೆ ಬೀಳುತ್ತಾಳೆ. ಮೂರನೆಯ ಸಲ ಬಿದ್ದವಳು ಅರ್ಧ ಎದ್ದು, ಜಾರಿ ಕುಸಿದು, ಮತ್ತೆ ನಿಧಾನವಾಗಿ ಎದ್ದು ನಿಂತು ಒಂದೇ ಏಟಿಗೆ ದೈತ್ಯನನ್ನು ಕೆಡವುತ್ತಾಳೆ. ಆ ಒಂದು ಏಟಿಗೆ ಸದ್ದಕ್ಕ ಎಂಟು ಬಗೆಯ ಸದ್ದು ಕೊಟ್ಟಿದ್ದಳು. ಏಳುವುದಕ್ಕೆ ಮಾತ್ರ ಹಳೆಯ ಚರ್ಮದ ಜಾಕೆಟ್ಟನ್ನು ಎರಡು ಸಲ ಕೊಡವಿ ಕೈತೊಳೆದುಕೊಂಡಿದ್ದಳು. ಏಳುವುದರಲ್ಲೇನಿದೆ, ದಿನಾ ಎಲ್ಲರೂ ಏಳುತ್ತಾರೆ.

ಒಂಬತ್ತನೆಯ ಸಲ ಹೊಡೆದಳು. ಕೋಸು ಎರಡು ಹೋಳಾಗಿ, ಒಂದು ಹೋಳು ಮೇಜಿನ ಕೆಳಗೆ ಉರುಳಿತು. ಗಾಜಿನ ಆಚೆ ನಿರ್ದೇಶಕ ಬೇಡವೆಂದು ತಲೆಯಾಡಿಸಿದ.  ಇಷ್ಟು ವರ್ಷ ಯಾರು ಯಾರನ್ನೋ ಗೆಲ್ಲಿಸಿ, ಕಡೆಗೆ ನಾನೇ ಸೋತೆನಲ್ಲ ಎಂದು ಸದ್ದಕ್ಕನಿಗೆ ಅಳು ಬಂತು. ಆ ಸಂಕಟದಲ್ಲಿ ಅವಳು ಅಲ್ಲಿನ ಮೊದಲ ನಿಯಮವನ್ನೇ ಮರೆತಳು. ಕೆಂಪು ದೀಪ ಆರುವವರೆಗೆ ಉಸಿರೂ ಜೋರಾಗಿ ಬಿಡಬಾರದು, ಮೈಕು ಎಲ್ಲವನ್ನೂ ಹಿಡಿಯುತ್ತಿರುತ್ತದೆ. ದೀಪ ಉರಿಯುತ್ತಲೇ ಇತ್ತು. ತೆರೆಯ ಮೇಲೆ ಹುಡುಗಿ ಮತ್ತೆ ಮೂರನೆಯ ಸಲ ಬಿದ್ದಿದ್ದಳು. ಸದ್ದಕ್ಕ ಮನೆಗೆ ಹೊರಡಲು ಎದ್ದಳು.

ಏಳುವುದೆಂದರೆ ಅವಳಿಗೆ ಸುಲಭದ ಮಾತಲ್ಲ. ಕೂತದ್ದು ಮೊಣಕಾಲಿಗೂ ಬರದ ಗಿಡ್ಡ ಸ್ಟೂಲು. ಮಂಡಿನೋವಿಗೆ ಎತ್ತರದ ಕುರ್ಚಿ ಕೊಡಿ ಎಂದು ಮೂರು ವಾರದಿಂದ ಕೇಳುತ್ತಿದ್ದಳು, ಕುರ್ಚಿ ನಾಳೆ ನಾಳೆ ಎನ್ನುತ್ತಲೇ ಇತ್ತು. ಮೇಜಿಗೆ ಅಂಗೈ ಊರಿ ಅರ್ಧ ಎದ್ದಳು. ಸ್ಟೂಲು ಕಿರ್‌ ಎಂದಿತು, ಮಂಡಿ ಲಟಕ್ಕೆಂದಿತು, ಧೊಪ್ಪೆಂದು ಮತ್ತೆ ಕೂತಳು. ಮೂಗಿನಿಂದ ಉದ್ದ ಉಸಿರು ಬಂತು. ಹಲ್ಲು ಕಚ್ಚಿ ಇನ್ನೊಮ್ಮೆ, ಒಳಗೇ ನರಳುತ್ತ, ಎದ್ದು ನಿಂತಳು. ನಿಂತ ಮೇಲೆ ದೀಪ ಕಣ್ಣಿಗೆ ಬಿತ್ತು.

"ಅಳಿಸ್ಬಿಡಪ್ಪ, ತಪ್ಪಾಯ್ತು."

 ಒಂದೆರಡು ನಿಮಿಷ ಬಿಟ್ಟು ನಿರ್ದೇಶಕನೇ ಒಳಗೆ ಬಂದು ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದ. "ನೀವು ಎದ್ದ ಸದ್ದನ್ನ ಹುಡುಗಿ ಏಳೋದಕ್ಕೆ ಸೇರಿಸಿ ಅರ್ಧ ಸೆಕೆಂಡು ಹಿಂದೆ ಸರಿಸಿದೀನಿ, ಅಷ್ಟೆ. ನೋಡಿ."

ಸದ್ದಕ್ಕ ನೋಡಿದಳು. ಬೆಳಿಗ್ಗೆಯಿಂದ ಕಾಗದದಷ್ಟು ಹಗುರವಾಗಿದ್ದ ಹುಡುಗಿಗೆ ಈಗ ಮೈಭಾರ ಬಂದಿತ್ತು. ಅವಳು ಅರ್ಧ ಎದ್ದು ಕುಸಿದಾಗ ಸದ್ದಕ್ಕ ತನಗೇ ತಿಳಿಯದೆ "ಏಳೇ ಮಗಳೇ" ಎಂದಳು. ಅವಳು ಎದ್ದು ಕೋಲು ಬೀಸಿದಾಗ ಸದ್ದಕ್ಕನ ಮುಷ್ಟಿ ಬಿಗಿಯಿತು. ದೈತ್ಯ ಉರುಳಿದಾಗ ಎದೆ ತಂಪಾಯಿತು. ಹೊಡೆದದ್ದು ಬರೀ ಕೋಸು ಎಂಬುದು ಮರೆತೇಹೋಗಿತ್ತು.

"ಈ ಏಟು ಯಾವುದು? ಚೆನ್ನಾಗಿದೆ."

"ನೀವು ಬೆಳಿಗ್ಗೆ ಕೊಟ್ರಲ್ಲ, ಮೊದಲನೇದು. ನಾನೇ ಬೇಡ ಅಂದಿದ್ದು."

ಐದು ಗಂಟೆಗೆ ಮಾಲೀಕ ಬಂದ. ಕೂರಲಿಲ್ಲ, ಬೇಗ ಮುಗಿಸಿ ಎನ್ನುವ ಹಾಗೆ ಬೆರಳಲ್ಲಿ ಕಾರಿನ ಕೀಲಿ ತಿರುಗಿಸುತ್ತ ನಿಂತ. ಹುಡುಗಿ ಅರ್ಧ ಎದ್ದು ಕುಸಿದಲ್ಲಿ ಕೀಲಿ ನಿಂತಿತು. ಅವಳು ಎದ್ದು ನಿಂತಾಗ "ಹಾಕು ಅವನಿಗೆ" ಎಂದು ಮೆಲ್ಲಗೆ ಅಂದವನು, ಅಂದದ್ದು ಹೊರಗೆ ಕೇಳಿಸಿತೆಂದು ಗೊತ್ತಾಗಿ ಕೆಮ್ಮಿದ. ತುಣುಕು ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿ ನೋಡಿದ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಉಳಿದಿದ್ದೂ ಇವರೇ ಮಾಡ್ಲಿ," ಎಂದ.

ನಿರ್ದೇಶಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. "ಅಕ್ಕ, ಆಣೆ ಮಾಡಿ ಹೇಳ್ತೀನಿ, ನಾಳೆ ಬೆಳಿಗ್ಗೆ ನೀವು ಬರೋಷ್ಟರಲ್ಲಿ ಇಲ್ಲಿ ಎತ್ತರದ ಕುರ್ಚಿ ಇರುತ್ತೆ."

ಸದ್ದಕ್ಕ ಬಗ್ಗಿ, ಮೇಜಿನ ಕೆಳಗೆ ಉರುಳಿದ್ದ ಅರ್ಧ ಕೋಸನ್ನು ಚೀಲಕ್ಕೆ ಹಾಕಿಕೊಂಡಳು.

"ಕುರ್ಚಿ ತಂದು ನನ್ನ ಹೊಟ್ಟೆ ಮೇಲೆ ಹೊಡೀಬೇಡಪ್ಪ. ಈ ಸ್ಟೂಲೇ ಇರಲಿ."