ಮೂವತ್ತನಾಲ್ಕು ಪ್ರಶ್ನೆಗಳು

ರಾತ್ರಿ ಎರಡು ಗಂಟೆಗೆ ಗಾಜಿನ ಕಿಟಕಿಯ ಮೇಲೆ ಉಗುರು ತಾಗಿದ ಸದ್ದಾಯಿತು. ತುರ್ತು ಚಿಕಿತ್ಸೆಯ ನರ್ಸ್ ತಲೆ ಎತ್ತಿದಳು. ಹೊರಗೆ ಕಪ್ಪು ಮೈಬಣ್ಣದ, ಐವತ್ತರ ಆಸುಪಾಸಿನ ಹೆಂಗಸು. ಲಾಂಡ್ರಿ ಕೆಲಸದ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ.

"ಎದೆ ಮೇಲೆ ಯಾರೋ ಕೂತಂಗಿದೆ ಸಿಸ್ಟರಮ್ಮ. ಎಡಗೈನೂ ಸೆಳೀತಿದೆ."

ನರ್ಸ್ ಆಕೆಯನ್ನು ಕೂರಿಸಿ ಕಂಪ್ಯೂಟರಿಗೆ ಕೈ ಹಾಕಿದಳು. ಲಿಂಗ ಎಂಬಲ್ಲಿ ಹೆಣ್ಣು ಎಂದು ಒತ್ತಿದಳು, ಮೈಬಣ್ಣ ಎಂಬಲ್ಲಿ ಕಪ್ಪು ಎಂದು ಒತ್ತಿದಳು. ಕೂಡಲೇ ಸರ್ಕಾರದ ಸಮಾನ ಆರೈಕೆ ಯೋಜನೆಯ ನಮೂನೆ ಚಾಪೆಯಂತೆ ಬಿಚ್ಚಿಕೊಂಡಿತು. ಹೆಂಗಸರನ್ನೂ ಕಪ್ಪು ಜನರನ್ನೂ ಆಸ್ಪತ್ರೆಗಳು ಕಾಯಿಸುತ್ತವೆಂದು ಸರ್ಕಾರಕ್ಕೆ ಬಹಳ ನೋವಾಗಿತ್ತು. ಹಾಗಾಗಿ ಅವರಿಗೆ ಮಾತ್ರ ಮೂವತ್ತನಾಲ್ಕು ಪ್ರಶ್ನೆ. ಎಲ್ಲಕ್ಕೂ ಉತ್ತರ ತುಂಬದೆ ಇಸಿಜಿ ಚೀಟಿ ಹೊರಬರುವುದಿಲ್ಲ, ಚೀಟಿ ಬರದೆ ಡಾಕ್ಟರು ಏಳುವುದಿಲ್ಲ.

"ಈ ಹಿಂದೆ ಯಾವ್ದಾದ್ರೂ ಆಸ್ಪತ್ರೇಲಿ ನಿಮ್ಮನ್ನ ಕಾಯಿಸಿದ್ರಾ?" ನರ್ಸ್ ಓದಿದಳು.

"ಈಗ ಕಾಯಿಸ್ತಿದ್ದೀರಲ್ಲ ತಾಯಿ, ಅದನ್ನೇ ಬರ್ಕೊಳ್ಳಿ."

ಐದನೇ ಪ್ರಶ್ನೆಗೆ ಬರುವಷ್ಟರಲ್ಲಿ ಹೆಂಗಸಿನ ತುಟಿ ಬೂದಿಬಣ್ಣಕ್ಕೆ ತಿರುಗಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ಇಲ್ಲಿ ಬಾವಿ ಎಷ್ಟು ಆಳವಿರಬೇಕೆಂದು ಮನೆಯವರನ್ನೇ ಕೇಳುತ್ತಿದ್ದರು. ನರ್ಸ್ ಎಲ್ಲವನ್ನೂ ಅಳಿಸಿದಳು. ಗಂಡು, ಬಿಳಿ ಎಂದು ಒತ್ತಿದಳು. ಚೀಟಿ ಸರಕ್ಕನೆ ಹೊರಬಂತು.

ಡಾಕ್ಟರು ಕಣ್ಣುಜ್ಜುತ್ತ ಓಡಿಬಂದರು. "ಎದೆನೋವಿನ ಗಂಡಸೆಲ್ಲಿ?"

"ಇವರೇ ಸಾರ್," ಎಂದ ನರ್ಸ್ ತಂತಿ ಅಂಟಿಸುವುದನ್ನು ನಿಲ್ಲಿಸಲಿಲ್ಲ.

"ತಮಾಷೆನಾ?"

"ಮೊದ್ಲು ಇಸಿಜಿ ನೋಡಿ, ಆಮೇಲೆ ಬೈಯಿರಿ."

ನೋಡಿದ ಮೇಲೆ ಬೈಯಲು ಪುರುಸೊತ್ತಾಗಲಿಲ್ಲ. ನಾಲ್ಕರ ಹೊತ್ತಿಗೆ ಹೆಂಗಸಿನ ಜೀವ ಮರಳಿ ನೆಲೆಗೆ ಬಂತು. ಡಾಕ್ಟರು ಚೀಟಿಯಲ್ಲಿ 'ಗಂಡು' ಎಂದಿದ್ದ ಕಡೆ ಕಣ್ಣು ಹಾಯಿಸಿ, ಏನೂ ಕಾಣದವರಂತೆ ಸಹಿ ಹಾಕಿದರು.

ಬೆಳಿಗ್ಗೆ ಯೋಜನೆಯ ಅಧಿಕಾರಿಯಿಂದ ಫೋನು. "ನಿನ್ನೆ ರಾತ್ರಿ ನಿಮ್ಮಲ್ಲಿ ಹೆಂಗಸರನ್ನಾಗ್ಲಿ ಕಪ್ಪು ಜನರನ್ನಾಗ್ಲಿ ಒಂದು ನಿಮಿಷಾನೂ ಕಾಯಿಸಿಲ್ಲ. ಕಂಪ್ಯೂಟರೇ ಹೇಳ್ತಿದೆ. ಹೇಗೆ ಸಾಧಿಸಿದ್ರಿ ಸಿಸ್ಟರ್?"

ನರ್ಸ್ ಬಾಯಿ ತೆರೆದಳು. ನಿಜ ಹೇಳಿದರೆ ತನ್ನ ಕೆಲಸ ಹೋದೀತು. ಅದಕ್ಕಿಂತ ಹೆಚ್ಚಿನ ಭಯವೆಂದರೆ, ನಮೂನೆಗೆ ಇನ್ನೊಂದು ಪ್ರಶ್ನೆ ಸೇರೀತೆಂಬುದು.

"ಎಲ್ಲಾ ಯೋಜನೆಯ ದಯೆ ಸಾರ್," ಎಂದು ಫೋನಿಟ್ಟಳು. ಈ ಗುಟ್ಟು ಇನ್ಯಾರ ಕಿವಿಗೂ ಬೀಳಬಾರದೆಂದು ನಿಶ್ಚಯಿಸಿಕೊಂಡು, ಎದೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಪ್ಪು ಅಜ್ಜಿಯ ಕಡೆ ತಿರುಗಿದಳು.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ."